ಅಮಿಲ್ಕಾರ್ ಕಬ್ರಾಲ್

ಆಫ್ರಿಕಾ ಖಂಡದ ಪಶ್ಚಿಮ ತೀರದಲ್ಲಿ ಗಿನಿ-ಬಿಸ್ಸಾವ್ ಎಂಬ ಪುಟ್ಟ ದೇಶವಿದೆ. ಬಹುಕಾಲ ಪೋರ್ಚುಗೀಸರ ಆಳ್ವಿಕೆಗೆ ಒಳಗಾಗಿದ್ದ ಈ ನಾಡಿನ ಬಿಡುಗಡೆಗಾಗಿ ತಮ್ಮ ಬಾಳನ್ನೇ ಮುಡಿಪಾಗಿಟ್ಟವರು ಅಮಿಲ್ಕಾರ್ ಕಬ್ರಾಲ್.

ಕಬ್ರಾಲರು 1924ರ ಸೆಪ್ಟೆಂಬರ್ 12ರಂದು ಆ ನಾಡಿನ ಬಫಾಟಾ ಎಂಬ ಊರಿನಲ್ಲಿ ಜನಿಸಿದರು. ಬೆಳೆದದ್ದು ಕೇಪ್ ವರ್ಡ್ ದ್ವೀಪಗಳಲ್ಲಿ. 1940ರ ದಶಕದಲ್ಲಿ ಅಲ್ಲಿ ಮಳೆಯಿಲ್ಲದೆ ಭೀಕರ ಕ್ಷಾಮ ತಲೆದೋರಿ ಸಾವಿರಾರು ಜನರು ಅಸುನೀಗಿದರು. ಮುಂದೆ ಅವರು ಲಿಸ್ಬನ್ ನಗರದಲ್ಲಿ ವ್ಯವಸಾಯಶಾಸ್ತ್ರವನ್ನು ಅಭ್ಯಾಸ ಮಾಡಿ, 1952ರಲ್ಲಿ ಅಧಿಕಾರಿಯಾಗಿ ಹುಟ್ಟಿದ ನಾಡಿಗೆ ಮರಳಿದರು. ಬೇಸಾಯದ ಗಣತಿಗಾಗಿ ಹಳ್ಳಿಹಳ್ಳಿಗಳನ್ನು ಸುತ್ತಿ ರೈತರ ಬವಣೆಯನ್ನು ಕಣ್ಣಾರೆ ಕಂಡರು. ಬೇರೆ ಬೇರೆ ನುಡಿಗಳನ್ನಾಡುವ ಅಲ್ಲಿನ ಪಂಗಡಗಳನ್ನು ಒಂದುಗೂಡಿಸದೆ ಬಿಡುಗಡೆ ಸಾಧ್ಯವಿಲ್ಲವೆಂಬುದನ್ನು ಅವರು ಅರಿತರು.

1956ರಲ್ಲಿ ಕಬ್ರಾಲರು ಸಂಗಡಿಗರೊಡನೆ ಸ್ವಾತಂತ್ರ್ಯಕ್ಕಾಗಿ ಪಕ್ಷವೊಂದನ್ನು ಕಟ್ಟಿದರು. 1959ರಲ್ಲಿ ಬಿಸ್ಸಾವ್ ಬಂದರಿನಲ್ಲಿ ಮುಷ್ಕರ ಹೂಡಿದ್ದ ಕೂಲಿಕಾರರು ಗುಂಡಿಗೆ ಬಲಿಯಾದರು. ಶಾಂತಿಯ ದಾರಿ ಮುಚ್ಚಿತೆಂದು ಬಗೆದ ಪಕ್ಷವು 1963ರಲ್ಲಿ ಸಶಸ್ತ್ರ ಹೋರಾಟಕ್ಕೆ ಇಳಿಯಿತು. ವಿಮೋಚನೆಗೊಂಡ ಪ್ರದೇಶಗಳಲ್ಲಿ ಶಾಲೆಗಳನ್ನೂ ಆಸ್ಪತ್ರೆಗಳನ್ನೂ ತೆರೆಯಿತು.

ಓದುಬರಹ ಬಲ್ಲವರು ವಿರಳವಾಗಿದ್ದ ಆ ನಾಡಿಗೆ ಚಲನಚಿತ್ರದಿಂದಾಗುವ ಉಪಕಾರವನ್ನು ಕಬ್ರಾಲರು ಮನಗಂಡರು. ಹೋರಾಟದ ನೆನಪು ಮುಂದಿನ ಪೀಳಿಗೆಗೆ ಉಳಿಯಬೇಕು. ಒಂದು ಪಂಗಡದವರು ಮತ್ತೊಂದು ಪಂಗಡದವರ ಬಾಳನ್ನು ತೆರೆಯ ಮೇಲೆ ಕಂಡು ತಮ್ಮವರೆಂದು ತಿಳಿಯಬೇಕು ಎಂಬುದು ಅವರ ಆಶಯವಾಗಿತ್ತು. ಆದುದರಿಂದ, ಒಬ್ಬೊಬ್ಬ ಯೋಧನೂ ಅಗತ್ಯವಾಗಿದ್ದ ಯುದ್ಧಕಾಲದಲ್ಲಿಯೇ, 1967ರಲ್ಲಿ, ನಾಲ್ವರು ಎಳೆಯರನ್ನು ಚಿತ್ರಕಲೆಯನ್ನಲ್ಲ, ಚಲನಚಿತ್ರಕಲೆಯನ್ನು ಕಲಿಯಲು ಕ್ಯೂಬಾ ದೇಶಕ್ಕೆ ಕಳುಹಿಸಿದರು. ಫ್ಲೋರಾ ಗೋಮೆಸ್, ಸನಾ ನ ಎನ್‌ಹಾಡಾ, ಜೋಸೆ ಬೊಲಾಮಾ ಎಂಬ ಮೂವರು ತರುಣರೂ ಜೊಸೆಫಿನಾ ಕ್ರಾಟೊ ಎಂಬ ತರುಣಿಯೂ ಹೀಗೆ ಹೋಗಿ, ಕಲಿತು, ಕ್ಯಾಮೆರಾ ಹಿಡಿದು ಹೋರಾಟದ ನಡುವೆಗೆ ಮರಳಿದರು.

ವಿಧಿ ಬೇರೊಂದನ್ನು ಬಗೆದಿತ್ತು. 1973ರ ಜನವರಿ 20ರಂದು, ನೆರೆಯ ಗಿನಿ ದೇಶದ ಕೊನಾಕ್ರಿ ನಗರದಲ್ಲಿ, ತಮ್ಮ ಪಕ್ಷದವರೇ ಆದ ಕೆಲವರ ಗುಂಡಿಗೆ ಕಬ್ರಾಲರು ಬಲಿಯಾದರು. ಅದೇ ವರ್ಷದ ಸೆಪ್ಟೆಂಬರ್ 24ರಂದು ನಾಡು ತನ್ನ ಸ್ವಾತಂತ್ರ್ಯವನ್ನು ಸಾರಿತು. ಆ ಸಮಾರಂಭವನ್ನು ಅವರ ಶಿಷ್ಯರು ಸೆರೆಹಿಡಿದರು. ಅದನ್ನು ಕಾಣಲು ಗುರುವಿರಲಿಲ್ಲ.

1976ರಲ್ಲಿ ಕಬ್ರಾಲರ ಪಾರ್ಥಿವ ಶರೀರವನ್ನು ಕೊನಾಕ್ರಿಯಿಂದ ಬಿಸ್ಸಾವ್ ನಗರಕ್ಕೆ ತರಲಾಯಿತು. ಆ ಅಂತಿಮ ಯಾತ್ರೆಯನ್ನು ಶಿಷ್ಯರೆಲ್ಲರೂ ಒಡಗೂಡಿ ಸಾಕ್ಷ್ಯಚಿತ್ರವಾಗಿಸಿದರು. ಅದು ಒಬ್ಬರ ಕೃತಿಯೆನಿಸದೆ ಎಲ್ಲರ ಕೃತಿಯಾಯಿತು. 1998ರಲ್ಲಿ ಆರಂಭವಾದ ಅಂತರ್ಯುದ್ಧದಲ್ಲಿ ಆ ಕಾಲದ ಹಲವು ಚಿತ್ರಸುರುಳಿಗಳು ಹಾಳಾದವು. ಅಳಿದುಳಿದವನ್ನು ಮುಂದೆ ಬರ್ಲಿನ್ ನಗರದಲ್ಲಿ ಕಾಪಿಡುವ ಕಾರ್ಯ ನಡೆಯಿತು.

ಬಿತ್ತಿದವನೇ ಬೆಳೆಯನ್ನು ಕಾಣಬೇಕೆಂಬ ನಿಯಮವಿಲ್ಲ. ವ್ಯವಸಾಯವನ್ನು ಬಲ್ಲ ಕಬ್ರಾಲರು ತಾವು ಕಾಣಲಾರದ ನಾಳೆಗಾಗಿ ನಾಲ್ವರು ಎಳೆಯರಲ್ಲಿ ನಂಬಿಕೆಯನ್ನು ಬಿತ್ತಿದರು. ಅವರು ತೆಗೆದ ಚಿತ್ರಗಳಲ್ಲಿ ಆ ನಾಡು ತನ್ನನ್ನು ತಾನೇ ಕಂಡುಕೊಂಡಿತು.