ಹಸಿವು ಗೆಲ್ಲಲು ಹೊರಟು ಹಸಿವಿಗೇ ಬಲಿಯಾದ ವಾವಿಲೊವ್

ಜಗತ್ತಿನ ಹಸಿವನ್ನು ನೀಗಿಸಲು ಖಂಡ ಖಂಡಗಳನ್ನು ಸುತ್ತಿ ಬೀಜ ಕೂಡಿಟ್ಟ ವಿಜ್ಞಾನಿ, ಕೊನೆಗೆ ಸೆರೆಮನೆಯಲ್ಲಿ ಹೊಟ್ಟೆಗಿಲ್ಲದೆ ಪ್ರಾಣಬಿಟ್ಟ. ನಿಕೊಲಾಯ್ ಇವಾನೊವಿಚ್ ವಾವಿಲೊವ್ ಅವರ ಬದುಕಿನ ದುರಂತವಿದು. ಇಂದು ವಿಶ್ವದೆಲ್ಲೆಡೆ ಇರುವ ಬೀಜ ಬ್ಯಾಂಕುಗಳ ಪರಿಕಲ್ಪನೆಗೆ ಬುನಾದಿ ಹಾಕಿದವರಲ್ಲಿ ಅವರೇ ಅಗ್ರಗಣ್ಯರು.

ವಾವಿಲೊವ್ ಜನಿಸಿದ್ದು 1887ರ ನವೆಂಬರ್ 25ರಂದು, ಮಾಸ್ಕೋದ ವ್ಯಾಪಾರಿ ಕುಟುಂಬದಲ್ಲಿ. ರಷ್ಯಾದ ಗ್ರಾಮಗಳನ್ನು ಪದೇ ಪದೇ ಕ್ಷಾಮ ಕಾಡುತ್ತಿದ್ದ ಕಾಲವದು. ಮಾಸ್ಕೋದಲ್ಲಿ ಕೃಷಿ ವಿಜ್ಞಾನ ಓದಿದ ಅವರು, 1913ರಲ್ಲಿ ಇಂಗ್ಲೆಂಡಿಗೆ ತೆರಳಿ ತಳಿವಿಜ್ಞಾನಿ ವಿಲಿಯಂ ಬೇಟ್ಸನ್ ಅವರ ಬಳಿ ಅಧ್ಯಯನ ನಡೆಸಿದರು. ರೋಗ ಬಂದಾಗ ಒಂದು ತಳಿಯ ಗೋಧಿ ನೆಲಕಚ್ಚಿದರೆ, ಪಕ್ಕದ ಇನ್ನೊಂದು ತಳಿ ತಲೆಯೆತ್ತಿ ನಿಲ್ಲುವುದೇಕೆ ಎಂಬುದು ಅವರನ್ನು ಕಾಡಿದ ಪ್ರಶ್ನೆ. ರೋಗ, ಬರ, ಚಳಿಯನ್ನು ತಾಳುವ ಗುಣ ಎಲ್ಲೋ ಒಂದು ನಾಟಿ ತಳಿಯಲ್ಲಿ ಅಥವಾ ಬೆಳೆಯ ಕಾಡು ಬಂಧುವಿನಲ್ಲಿ ಅಡಗಿರುತ್ತದೆ. ಆ ತಳಿ ಅಳಿದರೆ ಗುಣವೂ ಅಳಿಯುತ್ತದೆ. ಈ ಅರಿವೇ ಅವರ ಜೀವನದ ದಿಕ್ಕನ್ನು ನಿರ್ಧರಿಸಿತು.

1916ರಲ್ಲಿ ಇರಾನ್ ಮತ್ತು ಪಾಮಿರ್ ಪ್ರದೇಶಗಳಿಂದ ಆರಂಭವಾದ ಅವರ ಯಾತ್ರೆ ಅಫ್ಘಾನಿಸ್ತಾನ, ಇಥಿಯೋಪಿಯ, ಚೀನಾ, ಜಪಾನ್, ಮೆಕ್ಸಿಕೊ, ದಕ್ಷಿಣ ಅಮೆರಿಕಗಳವರೆಗೆ ಹಬ್ಬಿತು. ಹೋದಲ್ಲೆಲ್ಲ ರೈತರ ಕಣಜದಿಂದ, ಸಂತೆಯಿಂದ, ಹೊಲದ ಬದುವಿನಿಂದ ಕಾಳು, ಗೆಡ್ಡೆ, ತೆನೆಗಳನ್ನು ಸಂಗ್ರಹಿಸಿದರು. ಒಂದು ಬೆಳೆಯ ತಳಿಗಳು ಅತಿ ಹೆಚ್ಚು ವೈವಿಧ್ಯದಿಂದ ಕಂಡುಬರುವ ಪ್ರದೇಶವೇ ಅದರ ತವರು ಎಂಬ ವಾದವನ್ನು 1926ರಲ್ಲಿ ಮಂಡಿಸಿದರು. ಅಂತಹ ತವರುಗಳಲ್ಲಿ ಭಾರತವೂ ಒಂದೆಂದು ಗುರುತಿಸಿದರು. ಭತ್ತ, ಬದನೆ, ಮಾವು ಅವರ ಪಟ್ಟಿಯಲ್ಲಿದ್ದವು. ವೈವಿಧ್ಯವಿದ್ದಲ್ಲೇ ಮೂಲವೂ ಇರಬೇಕಿಲ್ಲವೆಂದು ನಂತರದ ವಿಜ್ಞಾನಿಗಳು ತಿದ್ದಿದರಾದರೂ, ಬೀಜ ಹುಡುಕುವವರಿಗೆ ಆ ನಕ್ಷೆಯೇ ದಾರಿದೀಪವಾಯಿತು.

1921ರಿಂದ ಅವರ ನೇತೃತ್ವದಲ್ಲಿ ಬೆಳೆದ ಲೆನಿನ್‌ಗ್ರಾಡಿನ ಸಂಸ್ಥೆಯಲ್ಲಿ, 1940ರ ವೇಳೆಗೆ ಸುಮಾರು 2.5 ಲಕ್ಷ ಮಾದರಿಗಳು ಶೇಖರಗೊಂಡಿದ್ದವು. ಅದು ಆಗ ಜಗತ್ತಿನಲ್ಲೇ ಅತಿ ದೊಡ್ಡ ಬೀಜ ಭಂಡಾರ.

ಆದರೆ ಕಾಲ ಪ್ರತಿಕೂಲವಾಗಿತ್ತು. ಹೊಸ ತಳಿಯೊಂದು ಸಿದ್ಧವಾಗಲು ವರ್ಷಗಟ್ಟಲೆ ತಾಳ್ಮೆ ಬೇಕು. ಸ್ಟಾಲಿನ್ ಸರಕಾರಕ್ಕೆ ಬೇಕಿದ್ದುದು ತಕ್ಷಣದ ಫಲ. ಮೆಂಡೆಲನ ತಳಿಶಾಸ್ತ್ರವನ್ನೇ ಅಲ್ಲಗಳೆದ ಟ್ರೋಫಿಮ್ ಲೈಸೆಂಕೊ ಅಂತಹ ಭರವಸೆ ನೀಡಿ ಅಧಿಕಾರದ ಕೃಪೆಗೆ ಪಾತ್ರನಾದ. ವಾವಿಲೊವ್ ರಾಜಿಯಾಗಲಿಲ್ಲ. 1940ರ ಆಗಸ್ಟ್ 6ರಂದು, ಪಶ್ಚಿಮ ಉಕ್ರೇನಿನಲ್ಲಿ ಸಸ್ಯ ಸಂಗ್ರಹಕ್ಕೆ ತೆರಳಿದ್ದಾಗಲೇ ಅವರ ಬಂಧನವಾಯಿತು. ಬೇಹುಗಾರಿಕೆ, ಕೃಷಿ ವಿಧ್ವಂಸದ ಆರೋಪ ಹೊರಿಸಿ 1941ರ ಜುಲೈನಲ್ಲಿ ಮರಣದಂಡನೆ ವಿಧಿಸಲಾಯಿತು. 1942ರಲ್ಲಿ ಅದು 20 ವರ್ಷಗಳ ಸೆರೆವಾಸವಾಗಿ ಮಾರ್ಪಟ್ಟಿತು. ಅದೇ ವರ್ಷ ಲಂಡನ್ನಿನ ರಾಯಲ್ ಸೊಸೈಟಿ ಅವರನ್ನು ವಿದೇಶಿ ಸದಸ್ಯರನ್ನಾಗಿ ಆರಿಸಿತು.

ಇತ್ತ 1941ರ ಸೆಪ್ಟೆಂಬರಿನಲ್ಲಿ ಜರ್ಮನ್ ಸೇನೆ ಲೆನಿನ್‌ಗ್ರಾಡನ್ನು ಮುತ್ತಿತು. 1944ರ ಜನವರಿಯವರೆಗೆ ನಡೆದ ಆ ದಿಗ್ಬಂಧನದಲ್ಲಿ ಲಕ್ಷಾಂತರ ಜನ ಅನ್ನವಿಲ್ಲದೆ ಸತ್ತರು. ವಾವಿಲೊವ್ ಸಹೋದ್ಯೋಗಿಗಳ ಸುತ್ತ ಭತ್ತ, ಗೋಧಿ, ಕಡಲೆಕಾಯಿಯ ರಾಶಿಯಿತ್ತು. ಆದರೂ ಅವರು ಬಿತ್ತನೆಯ ಬೀಜವನ್ನು ಮುಟ್ಟಲಿಲ್ಲ. ಇಲಿ, ಶೀತ, ಬಾಂಬುಗಳಿಂದ ಅದನ್ನು ಕಾಯ್ದರು. ಕಡಲೆಕಾಯಿ ತಜ್ಞ ಅಲೆಕ್ಸಾಂಡರ್ ಶ್ಚುಕಿನ್, ಭತ್ತದ ತಜ್ಞ ದಿಮಿತ್ರಿ ಇವಾನೊವ್ ಸೇರಿದಂತೆ ಹಲವರು ಹಸಿವಿನಿಂದ ಅಸುನೀಗಿದರು.

ಗುರುವಿನ ಅಂತ್ಯವೂ ಭಿನ್ನವಾಗಿರಲಿಲ್ಲ. ಒಂದು ಕಾಲದಲ್ಲಿ ತಾವು ಪ್ರಾಧ್ಯಾಪಕರಾಗಿದ್ದ ಸರಾತೊವ್ ನಗರದ ಸೆರೆಮನೆಯಲ್ಲಿ, 1943ರ ಜನವರಿ 26ರಂದು, ಅಪೌಷ್ಟಿಕತೆಯಿಂದ ಕೃಶರಾಗಿ ವಾವಿಲೊವ್ ಕೊನೆಯುಸಿರೆಳೆದರು. ವಯಸ್ಸು 55.

1955ರಲ್ಲಿ ಸೋವಿಯತ್ ನ್ಯಾಯಾಲಯ ಅವರನ್ನು ನಿರ್ದೋಷಿಯೆಂದು ಸಾರಿತು. ಅವರು ಕಟ್ಟಿದ ಸಂಸ್ಥೆ ಇಂದು ಅವರದೇ ಹೆಸರು ಹೊತ್ತಿದೆ. 2008ರಲ್ಲಿ ನಾರ್ವೆಯ ಸ್ವಾಲ್ಬಾರ್ಡ್ ದ್ವೀಪಸಮೂಹದ ಹಿಮಗರ್ಭದಲ್ಲಿ ತೆರೆದ ಜಾಗತಿಕ ಬೀಜ ಭಂಡಾರದಲ್ಲಿ ಈಗ 10 ಲಕ್ಷಕ್ಕೂ ಅಧಿಕ ಮಾದರಿಗಳಿವೆ. ಹವಾಮಾನ ಬದಲಾಗಿ ಹೊಸ ರೋಗಗಳು ಎರಗುತ್ತಿರುವಾಗ, ಮರೆತುಹೋದ ಒಂದು ಹಿಡಿ ಕಾಳು ಮುಂದಿನ ಪೀಳಿಗೆಯ ಅನ್ನವಾಗಬಹುದು. ಆ ನಂಬಿಕೆಗಾಗಿ ವಾವಿಲೊವ್ ಮತ್ತು ಅವರ ಸಂಗಡಿಗರು ತೆತ್ತ ಬೆಲೆ ಪ್ರಾಣ.