ಬೆರಳಿಗೆ ಒಪ್ಪಿದ ಅಕ್ಷರ

ಅಂಗವಿಕಲ ಮಕ್ಕಳ ವಿದ್ಯಾಭ್ಯಾಸಕ್ಕೆ ನೆರವಾಗುವ ಯಂತ್ರೋಪಕರಣಗಳ ವಿಷಯವಾಗಿ ಈಗ ಎಲ್ಲೆಡೆಯೂ ಮಾತು ನಡೆಯುತ್ತಿದೆ. ಬರಹವನ್ನು ತಾವೇ ಓದಿ ಹೇಳುವ ಯಂತ್ರಗಳೂ, ಬೆರಳಿನ ಕೆಳಗೆ ಚುಕ್ಕಿಗಳನ್ನೆಬ್ಬಿಸುವ ಹಲಗೆಗಳೂ ಬಂದಿವೆ. ಇದು ಸಂತೋಷಪಡತಕ್ಕ ವಿಷಯವೇ ಸರಿ. ಆದರೆ ಉಪಕರಣವು ಕೊಡುವವರ ಮನಸ್ಸಿಗೆ ಒಪ್ಪಬೇಕೋ, ಬಳಸುವವರ ಕೈಗೆ ಒಪ್ಪಬೇಕೋ ಎಂಬ ಪ್ರಶ್ನೆಯು ಹಳೆಯದು. ಸುಮಾರು ಇನ್ನೂರು ವರ್ಷಗಳ ಹಿಂದೆ ಫ್ರಾನ್ಸ್ ದೇಶದ ಒಬ್ಬ ಅಂಧ ಬಾಲಕನು ಇದಕ್ಕೆ ಉತ್ತರ ಕೊಟ್ಟನು. ಆತನ ಚರಿತ್ರೆಯನ್ನು ವಾಚಕರ ಮುಂದಿಡುವುದು ಉಚಿತವೆಂದು ಭಾವಿಸುತ್ತೇವೆ.

ಲೂಯಿ ಬ್ರೈಲನು ೧೮೦೯ನೆಯ ಇಸವಿ ಜನವರಿ ೪ರಂದು ಪ್ಯಾರಿಸ್ ನಗರದ ಪೂರ್ವಕ್ಕಿರುವ ಕೂಪ್‌ವ್ರೇ ಎಂಬ ಹಳ್ಳಿಯಲ್ಲಿ ಜನಿಸಿದನು. ತಂದೆಯು ಕುದುರೆಗಳ ಜೀನು, ಲಗಾಮುಗಳನ್ನು ಮಾಡುವ ಕಸುಬಿನವನು. ಮೂರನೆಯ ವಯಸ್ಸಿನಲ್ಲಿ ಮಗುವು ತಂದೆಯ ಕೆಲಸದ ಮನೆಯಲ್ಲಿ ಆಡುತ್ತಿದ್ದಾಗ ತೊಗಲು ಚುಚ್ಚುವ ಚೂಪಾದ ಸಲಕರಣೆಯು ಕಣ್ಣಿಗೆ ನಾಟಿತು. ನಂಜು ಇನ್ನೊಂದು ಕಣ್ಣಿಗೂ ಹಬ್ಬಿ, ಐದು ವರ್ಷ ತುಂಬುವಷ್ಟರಲ್ಲಿ ದೃಷ್ಟಿಯು ಪೂರ್ತಿಯಾಗಿ ಹೋಯಿತು. ಆದರೂ ತಾಯಿತಂದೆಗಳು ಎದೆಗುಂದಲಿಲ್ಲ. ಹುಡುಗನು ಊರಿನ ಶಾಲೆಯಲ್ಲಿ ಕಣ್ಣುಳ್ಳ ಮಕ್ಕಳ ನಡುವೆಯೇ ಕುಳಿತು, ಕಿವಿಯಿಂದ ಕೇಳಿ ಕಲಿತನು. ೧೮೧೯ರಲ್ಲಿ ಪ್ಯಾರಿಸಿನ ಅಂಧ ಬಾಲಕರ ರಾಜಶಾಲೆಗೆ ಸೇರಿದನು.

ಆ ಶಾಲೆಯನ್ನು ಸ್ಥಾಪಿಸಿದ ವ್ಯಾಲೆಂಟಿನ್ ಹಾಯಿ ಎಂಬ ಪುಣ್ಯಾತ್ಮನು ದಪ್ಪ ಕಾಗದದ ಮೇಲೆ ಸಾಮಾನ್ಯ ಅಕ್ಷರಗಳನ್ನೇ ಉಬ್ಬಿಸಿ ಅಚ್ಚು ಹಾಕಿಸಿದ್ದನು. ಅಂಧರೂ ಓದಬಲ್ಲರೆಂಬುದನ್ನು ಲೋಕಕ್ಕೆ ತೋರಿಸಿದ ಕೀರ್ತಿಯು ಆತನದು. ಆದರೆ ಆ ಅಕ್ಷರಗಳು ಕಣ್ಣಿಗಾಗಿ ಹುಟ್ಟಿದವು. ಒಂದೊಂದರ ಗೆರೆಗಳನ್ನೂ ಬೆರಳಿನಿಂದ ತಡವಿ ಗುರುತಿಸಬೇಕಾಗಿತ್ತು. ಪುಸ್ತಕಗಳು ಹೊರಲಾರದಷ್ಟು ಭಾರ. ಎಲ್ಲಕ್ಕಿಂತ ದೊಡ್ಡ ಕೊರತೆಯೆಂದರೆ, ಆ ಕ್ರಮದಿಂದ ವಿದ್ಯಾರ್ಥಿಯು ತಾನೇ ಏನನ್ನೂ ಬರೆಯುವಂತಿರಲಿಲ್ಲ.

೧೮೨೧ರಲ್ಲಿ ಸೈನ್ಯದಲ್ಲಿದ್ದ ಚಾರ್ಲ್ಸ್ ಬಾರ್ಬಿಯೇ ಎಂಬವನು ಉಬ್ಬು ಚುಕ್ಕಿಗಳ ಬರಹವೊಂದನ್ನು ಶಾಲೆಗೆ ತಂದನು. ಚುಕ್ಕಿಗಳು ಬೆರಳಿಗೆ ಚೆನ್ನಾಗಿ ತಿಳಿಯುತ್ತಿದ್ದುವು. ಆದರೆ ಒಂದೊಂದು ಗುರುತಿಗೆ ಹನ್ನೆರಡು ಚುಕ್ಕಿಗಳವರೆಗೆ ಸ್ಥಳ ಬೇಕಾಗಿದ್ದುದರಿಂದ ಅದು ಬೆರಳ ತುದಿಯನ್ನು ಮೀರುತ್ತಿತ್ತು. ಶಬ್ದಗಳ ಧ್ವನಿಯೇ ಹೊರತು ಕಾಗುಣಿತವಾಗಲಿ ವಿರಾಮಚಿಹ್ನೆಯಾಗಲಿ ಅದರಲ್ಲಿರಲಿಲ್ಲ. ಈ ದೋಷಗಳು ಬ್ರೈಲನಿಗೆ ತಿಳಿದುದು ಬೆರಳಿನಿಂದ. ಬಿಡುವಿನ ವೇಳೆಗಳಲ್ಲಿ ದುಡಿದು, ೧೮೨೪ರಲ್ಲಿ, ಹದಿನೈದನೆಯ ವಯಸ್ಸಿನಲ್ಲಿ, ಹನ್ನೆರಡನ್ನು ಆರಕ್ಕಿಳಿಸಿದನು. ಎರಡು ಸಾಲು, ಸಾಲಿಗೆ ಮೂರು ಚುಕ್ಕಿ. ಅವುಗಳಿಂದ ಅರವತ್ತಮೂರು ಗುರುತುಗಳು. ಒಂದು ಸ್ಪರ್ಶಕ್ಕೆ ಒಂದಕ್ಷರ. ಹಲಗೆಯೂ ಚುಚ್ಚುವ ಕಡ್ಡಿಯೂ ಇದ್ದರೆ ಬರೆಯುವುದಕ್ಕೆ ಯಾರ ಹಂಗೂ ಇಲ್ಲ. ಇದರ ವಿವರಣೆಯು ೧೮೨೯ರಲ್ಲಿ ಪ್ರಕಟವಾಯಿತು. ಸಂಗೀತದ ಸ್ವರಗಳನ್ನು ಬರೆಯುವ ಕ್ರಮವೂ ಅದರಲ್ಲಿದ್ದಿತು. ಬ್ರೈಲನು ಸ್ವತಃ ಚರ್ಚಿನಲ್ಲಿ ಆರ್ಗನ್ ವಾದ್ಯ ನುಡಿಸುತ್ತಿದ್ದವನು.

ಓದಿದ ಶಾಲೆಯಲ್ಲಿಯೇ ಆತನು ಉಪಾಧ್ಯಾಯನಾದನು. ಆದರೆ ೧೮೪೦ರಲ್ಲಿ ಅಧಿಕಾರಕ್ಕೆ ಬಂದ ಮುಖ್ಯಾಧಿಕಾರಿಯು ಈ ಲಿಪಿಯನ್ನು ನಿಷೇಧಿಸಿದನು. ಕಣ್ಣುಳ್ಳವರು ಓದಲಾರದ ಲಿಪಿಯು ಅಂಧರನ್ನು ಸಮಾಜದಿಂದ ದೂರ ಮಾಡೀತೆಂದು ವಿರೋಧಿಗಳ ಭಯ. ಇದರಲ್ಲಿ ದುರುದ್ದೇಶವಿತ್ತೆಂದು ನಾವು ಹೇಳುವುದಿಲ್ಲ. ಮಕ್ಕಳನ್ನು ಕೇಳಲಿಲ್ಲವೆಂಬುದೇ ತಪ್ಪು. ಮಕ್ಕಳು ಗುಟ್ಟಾಗಿ ಚುಕ್ಕಿಗಳಲ್ಲಿಯೇ ಬರೆದುಕೊಳ್ಳುತ್ತ ಬಂದರು. ೧೮೪೪ರಲ್ಲಿ ಹೊಸ ಕಟ್ಟಡದ ಪ್ರಾರಂಭೋತ್ಸವದ ಸಭೆಯಲ್ಲಿ ಈ ಲಿಪಿಯನ್ನು ಬಹಿರಂಗವಾಗಿ ಪ್ರದರ್ಶಿಸಲಾಯಿತು. ಆ ಭಯಕ್ಕೂ ಬ್ರೈಲನೇ ಪರಿಹಾರ ಹುಡುಕಿದ್ದನು: ೧೮೩೯ರಲ್ಲಿ ಚುಕ್ಕಿಗಳಿಂದಲೇ ಸಾಮಾನ್ಯ ಅಕ್ಷರಗಳನ್ನು ಮೂಡಿಸುವ ಕ್ರಮವನ್ನು ರಚಿಸಿದನು. ಅದಕ್ಕೆ ತಕ್ಕ ಯಂತ್ರವನ್ನು ನಿರ್ಮಿಸಿದ ಪಿಯೇರ್ ಫೂಕೋ ಎಂಬವನೂ ಅಂಧನೇ.

ಬಹುಕಾಲ ಕ್ಷಯರೋಗದಿಂದ ನರಳಿ, ೧೮೫೨ರ ಜನವರಿ ೬ರಂದು, ನಲವತ್ತಮೂರನೆಯ ವಯಸ್ಸಿನಲ್ಲಿ ಬ್ರೈಲನು ತೀರಿಕೊಂಡನು. ಶಾಲೆಯು ಆ ಲಿಪಿಯನ್ನು ವಿಧ್ಯುಕ್ತವಾಗಿ ಅಂಗೀಕರಿಸಿದುದು ೧೮೫೪ರಲ್ಲಿ. ೧೯೫೨ರಲ್ಲಿ ಆತನ ಅವಶೇಷಗಳನ್ನು ದೇಶದ ಮಹಾಪುರುಷರು ಮಲಗಿರುವ ಪ್ಯಾಂಥಿಯನ್ನಿಗೆ ಸಾಗಿಸಲಾಯಿತು. ಕೈಗಳು ಮಾತ್ರ ಹುಟ್ಟೂರಿನಲ್ಲಿಯೇ ಉಳಿದುವು. ಭಾರತದ ಭಾಷೆಗಳಿಗಾಗಿ ೧೯೫೧ರಲ್ಲಿ ಅಂಗೀಕೃತವಾದ ಭಾರತೀ ಬ್ರೈಲ್ ಕ್ರಮದಿಂದ ನಮ್ಮ ಕನ್ನಡವೂ ಅದೇ ಆರು ಚುಕ್ಕಿಗಳಲ್ಲಿ ನಿಂತಿದೆ.

ಓದಿ ಹೇಳುವ ಯಂತ್ರಗಳಿರುವಾಗ ಚುಕ್ಕಿಗಳೇಕೆಂದು ಈಗ ಕೆಲವರು ಕೇಳುತ್ತಾರೆ. ಯಂತ್ರವು ಬೇಡವೆಂದು ನಾವು ಹೇಳುವುದಿಲ್ಲ. ಆದರೆ ಕೇಳಿ ಮಾತ್ರ ಕಲಿತ ಮಗುವಿಗೆ ಒತ್ತಕ್ಷರವೆಲ್ಲಿ, ದೀರ್ಘವೆಲ್ಲಿ ಎಂಬುದು ಹೇಗೆ ತಿಳಿದೀತು? ಶಾಲೆಗೆ ಉಪಕರಣಗಳನ್ನು ಕೊಳ್ಳುವ ಅಧಿಕಾರಿಗಳೂ ಉಪಾಧ್ಯಾಯರೂ ಮೊದಲು ಆ ಮಗುವಿನ ಕೈಗೆ ಅವನ್ನು ಕೊಟ್ಟು ನೋಡಿ, ಅದರ ಅಭಿಪ್ರಾಯವನ್ನು ಕೇಳಿದ ಮೇಲೆಯೇ ಹಣವನ್ನು ತೆರುವರೆಂದು ನಂಬುತ್ತೇವೆ.