ಸಾಮ್ರಾಟ್ ಅಶೋಕ

ಅಶೋಕ (ಆಳ್ವಿಕೆ: ಸುಮಾರು ಕ್ರಿ.ಪೂ. 268–232) ಮೌರ್ಯ ವಂಶದ ಮೂರನೆಯ ಚಕ್ರವರ್ತಿ. ಚಂದ್ರಗುಪ್ತ ಮೌರ್ಯನ ಮೊಮ್ಮಗ, ಬಿಂದುಸಾರನ ಮಗ. ರಾಜಧಾನಿ ಪಾಟಲಿಪುತ್ರ. ಬುದ್ಧನ ಜೀವನದ ಪವಿತ್ರ ಸ್ಥಳಗಳಿಗೆ ಯಾತ್ರೆ ಹೋಗಿ, ಅದನ್ನು ಕಲ್ಲಿನಲ್ಲಿ ಬರೆಸಿಟ್ಟ ಅರಸನೆಂದು ಬೌದ್ಧ ಜಗತ್ತಿನಲ್ಲಿ ಪೂಜ್ಯನಾಗಿದ್ದಾನೆ. ಕಲಬುರಗಿ ಜಿಲ್ಲೆಯ ಚಿತ್ತಾಪುರ ತಾಲ್ಲೂಕಿನ ಸನ್ನತಿ ಮತ್ತು ಕನಗನಹಳ್ಳಿಗಳಲ್ಲಿ ಅವನ ಶಾಸನವೂ ಶಿಲ್ಪವೂ ದೊರೆತಿವೆ.

ಕಳಿಂಗ ಯುದ್ಧ

ಅಶೋಕನ ಬಾಲ್ಯದ ಬಗ್ಗೆ ದೊರೆಯುವುದೆಲ್ಲ ಬಹುಕಾಲದ ನಂತರ ರಚನೆಯಾದ ಬೌದ್ಧ ಕಥೆಗಳು. ಅಣ್ಣತಮ್ಮಂದಿರನ್ನು ಕೊಂದು ಪಟ್ಟವೇರಿದ ಕ್ರೂರಿ ಎಂಬ ಚಿತ್ರಣ ಅವುಗಳಲ್ಲಿದೆ. ಮತಾಂತರದ ಮಹಿಮೆಯನ್ನು ಹೆಚ್ಚಿಸಲು ಮೊದಲಿನ ಬದುಕನ್ನು ಕಪ್ಪಾಗಿಸಿದಂತೆ ಇದು ತೋರುತ್ತದೆ. ಶಾಸನಗಳಿಂದ ಖಚಿತವಾಗುವುದು ಪಟ್ಟಾಭಿಷೇಕವಾದ ಎಂಟು ವರ್ಷಗಳ ನಂತರ ನಡೆದ ಕಳಿಂಗ ಯುದ್ಧ. 13ನೆಯ ಬಂಡೆಗಲ್ಲು ಶಾಸನದ ಪ್ರಕಾರ ಒಂದು ಲಕ್ಷ ಜನ ಹತರಾದರು, ಒಂದೂವರೆ ಲಕ್ಷ ಜನರನ್ನು ನೆಲೆಯಿಂದ ಕಿತ್ತು ಸಾಗಿಸಲಾಯಿತು. ಇದರ ಹಲವು ಪಟ್ಟು ಜನ ಇತರ ಕಾರಣಗಳಿಂದ ಸತ್ತರು. ಗೆದ್ದ ಅರಸನೇ ತನ್ನ ಗೆಲುವಿಗಾಗಿ ಪಶ್ಚಾತ್ತಾಪಪಟ್ಟು ಸಾವುಗಳ ಲೆಕ್ಕವನ್ನು ಬಂಡೆಯ ಮೇಲೆ ಕೆತ್ತಿಸಿದ್ದು ಪ್ರಾಚೀನ ಕಾಲದಲ್ಲಿ ತೀರ ಅಪರೂಪ.

ಧರ್ಮಯಾತ್ರೆ

ಅಂದಿನ ಅರಸರು ಬೇಟೆ, ವಿನೋದಗಳಿಗಾಗಿ ವಿಹಾರಯಾತ್ರೆ ಕೈಗೊಳ್ಳುತ್ತಿದ್ದರು. ಪಟ್ಟಾಭಿಷೇಕವಾಗಿ ಹತ್ತು ವರ್ಷಗಳಾದಾಗ ಅಶೋಕ ಸಂಬೋಧಿಗೆ, ಅಂದರೆ ಇಂದಿನ ಬೋಧಗಯೆಗೆ, ತೆರಳಿದನು. ಧರ್ಮಯಾತ್ರೆ ಅಲ್ಲಿಂದ ಆರಂಭವಾಯಿತೆಂದು 8ನೆಯ ಬಂಡೆಗಲ್ಲು ಶಾಸನ ತಿಳಿಸುತ್ತದೆ. ದಾರಿಯಲ್ಲಿ ಶ್ರಮಣರ ಮತ್ತು ಬ್ರಾಹ್ಮಣರ ದರ್ಶನ, ವೃದ್ಧರಿಗೆ ದಾನ, ಹಳ್ಳಿಯ ಜನರೊಡನೆ ಧರ್ಮಚರ್ಚೆ ನಡೆಯುತ್ತಿದ್ದವು.

ಬುದ್ಧ ಹುಟ್ಟಿದ ಲುಂಬಿನಿ, ಜ್ಞಾನೋದಯ ಪಡೆದ ಬೋಧಗಯೆ, ಮೊದಲ ಉಪದೇಶ ಮಾಡಿದ ಸಾರನಾಥ, ಪರಿನಿರ್ವಾಣ ಹೊಂದಿದ ಕುಶಿನಗರ ಈ ನಾಲ್ಕನ್ನು ಶ್ರದ್ಧಾವಂತರು ನೋಡಬೇಕಾದ ಸ್ಥಳಗಳೆಂದು ಮಹಾಪರಿನಿಬ್ಬಾಣ ಸುತ್ತ ಹೇಳುತ್ತದೆ. ಪಟ್ಟಾಭಿಷೇಕದ 20 ವರ್ಷಗಳ ನಂತರ ಅಶೋಕ ಲುಂಬಿನಿಗೆ ಬಂದು ಪೂಜಿಸಿ ಕಲ್ಲುಕಂಬ ನಿಲ್ಲಿಸಿದನು. ಬುದ್ಧ ಹುಟ್ಟಿದ ಸ್ಥಳವೆಂಬ ಕಾರಣಕ್ಕೆ ಆ ಊರಿಗೆ ಬಲಿ ಎಂಬ ಕರವನ್ನು ಬಿಟ್ಟುಕೊಟ್ಟು, ಬೆಳೆಯ ಮೇಲಿನ ರಾಜಭಾಗವನ್ನು ಎಂಟನೆಯ ಒಂದಕ್ಕೆ ಇಳಿಸಿದನು. ಭಕ್ತಿಯ ಫಲ ರೈತನ ಕಣಕ್ಕೂ ತಲುಪಿದ್ದು ಗಮನಾರ್ಹ. ಕಂಬವು 1896ರಲ್ಲಿ ಪತ್ತೆಯಾದ ಮೇಲೆಯೇ ಲುಂಬಿನಿ ಎಲ್ಲಿತ್ತೆಂಬ ಪ್ರಶ್ನೆ ಬಗೆಹರಿಯಿತು. ಸಮೀಪದ ನಿಗಾಲಿ ಸಾಗರದ ಕಂಬದ ಶಾಸನವು, ಪೂರ್ವಬುದ್ಧನಾದ ಕನಕಮುನಿಯ ಸ್ತೂಪವನ್ನು ಅವನು ಇಮ್ಮಡಿ ದೊಡ್ಡದಾಗಿಸಿದ್ದನ್ನು ಹೇಳುತ್ತದೆ. ಸಾರನಾಥದ ಕಂಬದ ಸಿಂಹಶೀರ್ಷ ಇಂದು ಭಾರತದ ರಾಷ್ಟ್ರಲಾಂಛನ.

ಅಶೋಕಾವದಾನದಲ್ಲಿ ಉಪಗುಪ್ತನೆಂಬ ಸ್ಥವಿರನು ಅರಸನನ್ನು ಈ ಸ್ಥಳಗಳಿಗೆ ಕರೆದೊಯ್ದು ತೋರಿಸುತ್ತಾನೆ. ಬುದ್ಧಧಾತುಗಳನ್ನು ಹಂಚಿ 84,000 ಸ್ತೂಪಗಳನ್ನು ಕಟ್ಟಿಸಿದನೆಂಬುದೂ ಅದೇ ಪರಂಪರೆಯ ಕಥೆ. ಸಂಖ್ಯೆಯನ್ನು ಅಕ್ಷರಶಃ ತೆಗೆದುಕೊಳ್ಳಬೇಕಿಲ್ಲ. ತನ್ನ ಧರ್ಮದಲ್ಲಿ ಇಷ್ಟು ನಿಷ್ಠೆಯಿದ್ದರೂ ಅವನು ಬರಾಬರ್ ಬೆಟ್ಟದ ಗುಹೆಗಳನ್ನು ಆಜೀವಕ ಸಂನ್ಯಾಸಿಗಳಿಗೆ ದಾನ ಮಾಡಿದ್ದನು.

ಕನ್ನಡ ನಾಡಿನಲ್ಲಿ

ಸಿಂಹಳದ ಇತಿಹಾಸ ಗ್ರಂಥಗಳ ಪ್ರಕಾರ ಪಾಟಲಿಪುತ್ರದ ಮೂರನೆಯ ಬೌದ್ಧ ಸಂಗೀತಿಯ ನಂತರ ರಕ್ಖಿತನೆಂಬ ಭಿಕ್ಷು ವನವಾಸಿಗೂ ಮಹಾದೇವನು ಮಹಿಷಮಂಡಲಕ್ಕೂ ಬಂದರು. ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗರಾಮೇಶ್ವರ, ಕೊಪ್ಪಳ, ನಿಟ್ಟೂರು, ಉದೇಗೊಳಗಳಲ್ಲಿ ಅಶೋಕನ ಕಿರು ಶಾಸನಗಳಿವೆ. ಆದರೆ ಬಹುತೇಕ ಶಾಸನಗಳಲ್ಲಿ ಅರಸನಿಗೆ ದೇವಾನಾಂಪ್ರಿಯ, ಪ್ರಿಯದರ್ಶಿ ಎಂಬ ಬಿರುದುಗಳಷ್ಟೇ ಇದ್ದವು. 1837ರಲ್ಲಿ ಜೇಮ್ಸ್ ಪ್ರಿನ್ಸೆಪ್ ಬ್ರಾಹ್ಮಿ ಲಿಪಿಯನ್ನು ಓದಿದಾಗ ಈತ ಯಾರೆಂಬ ಗೊಂದಲವಿತ್ತು. ಸಿಂಹಳದ ಗ್ರಂಥಗಳ ನೆರವಿನಿಂದ ಅಶೋಕನೆಂದು ಗುರುತಿಸಲಾಯಿತು. ಅದಕ್ಕೆ ಕಲ್ಲಿನ ಸಾಕ್ಷ್ಯ ಒದಗಿದ್ದು 1915ರಲ್ಲಿ, ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ. ಗಣಿ ಇಂಜಿನಿಯರ್ ಸಿ. ಬೀಡನ್ ಕಂಡ ಆ ಶಾಸನದಲ್ಲಿ ಅಶೋಕ ಎಂಬ ಹೆಸರೇ ಇದೆ.

ಸನ್ನತಿ ಮತ್ತು ಕನಗನಹಳ್ಳಿ

ಸೇಡಂ, ಚಿತ್ತಾಪುರ, ವಾಡಿ ಭಾಗದವರಿಗೆ ಭೀಮಾತೀರದ ಸನ್ನತಿ ಎಂದರೆ ಮೊದಲಿಗೆ ಚಂದ್ರಲಾಂಬಾ ದೇವಿಯ ಕ್ಷೇತ್ರ. 1980ರ ದಶಕದಲ್ಲಿ ಆ ದೇವಾಲಯದ ಆವರಣದ ಕಾಳಿ ಗುಡಿ ಕುಸಿದಾಗ, ಮೂರ್ತಿಗೆ ಪೀಠವಾಗಿದ್ದ ಚಪ್ಪಡಿಯ ಎರಡೂ ಬದಿಯಲ್ಲಿ ಅಶೋಕನ ಶಾಸನಗಳು ಕಂಡವು. ಒಂದು ಬದಿಯಲ್ಲಿ 12 ಮತ್ತು 14ನೆಯ ಶಾಸನಗಳಿದ್ದರೆ, ಇನ್ನೊಂದರಲ್ಲಿ ಅದುವರೆಗೆ ಕಳಿಂಗದ ಧೌಲಿ, ಜೌಗಡಗಳಲ್ಲಿ ಮಾತ್ರ ದೊರೆತಿದ್ದ ಎರಡು ಪ್ರತ್ಯೇಕ ಶಾಸನಗಳಿವೆ. ಪ್ರಜೆಗಳೆಲ್ಲ ತನ್ನ ಮಕ್ಕಳೆಂದೂ ವಿಚಾರಣೆಯಿಲ್ಲದೆ ಯಾರನ್ನೂ ಸೆರೆಯಲ್ಲಿಡಬಾರದೆಂದೂ ಅರಸ ಅಧಿಕಾರಿಗಳಿಗೆ ಅವುಗಳಲ್ಲಿ ಸೂಚಿಸುತ್ತಾನೆ. ಯುದ್ಧದ ಸಾವುಗಳನ್ನು ಹೇಳುವ 13ನೆಯ ಶಾಸನ ಕಳಿಂಗದಲ್ಲಿಯೂ ಇಲ್ಲ, ಸನ್ನತಿಯ ಚಪ್ಪಡಿಯಲ್ಲಿಯೂ ಇಲ್ಲ. ಸನ್ನತಿಯ ಪ್ರದೇಶವೂ ಆಗ ತಾನೇ ಬಲದಿಂದ ವಶವಾಗಿತ್ತೇ ಎಂಬ ಪ್ರಶ್ನೆ ಇದರಿಂದ ಏಳುತ್ತದೆ.

ಅಶೋಕನ ಕೊನೆಯ ದಿನಗಳನ್ನು ಅಶೋಕಾವದಾನ ಕರುಣಾಜನಕವಾಗಿ ಚಿತ್ರಿಸುತ್ತದೆ: ಮಂತ್ರಿಗಳು ಭಂಡಾರ ಮುಚ್ಚಿಸಿದಾಗ ಕೈಯಲ್ಲುಳಿದ ಅರ್ಧ ನೆಲ್ಲಿಕಾಯಿಯನ್ನೇ ಅವನು ಭಿಕ್ಷುಸಂಘಕ್ಕೆ ಕಳುಹಿಸಿದನಂತೆ. ಅವನ ತರುವಾಯ ಅರ್ಧ ಶತಮಾನದೊಳಗೆ ಮೌರ್ಯ ಸಾಮ್ರಾಜ್ಯ ಅಳಿಯಿತು.

ಸನ್ನತಿಯ ಪಕ್ಕದ ಕನಗನಹಳ್ಳಿಯಲ್ಲಿ 1990ರ ದಶಕದಿಂದ ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆ ನಡೆಸಿದ ಉತ್ಖನನದಲ್ಲಿ ಅಧೋಲೋಕ ಮಹಾಚೈತ್ಯ ಎಂಬ ಹೆಸರಿನ ದೊಡ್ಡ ಸ್ತೂಪ ಹೊರಬಂದಿತು. ಅದರ ಸುಣ್ಣಕಲ್ಲಿನ ಫಲಕವೊಂದರಲ್ಲಿ ರಾಣಿ ಮತ್ತು ಪರಿಚಾರಿಕೆಯರೊಡನೆ ನಿಂತ ಅರಸನಿದ್ದಾನೆ. ಜೊತೆಗೆ ಬ್ರಾಹ್ಮಿ ಲಿಪಿಯಲ್ಲಿ ರಾಯ ಅಸೋಕೋ ಎಂದು ಬರೆದಿದೆ. ಹೆಸರಿನೊಡನೆ ದೊರೆತ ಅಶೋಕನ ಮೊದಲ ಚಿತ್ರಣವಿದು. ಕೆತ್ತನೆ ಸಾತವಾಹನರ ಕಾಲದ್ದು. ಶಿಲ್ಪಿ ಅರಸನನ್ನು ಕಂಡವನಲ್ಲ.